ಸೀಟು ಮೆತ್ತಗಿದ್ದರೆ ಸಾಲದು: ರೋಡ್ ಸೈಕಲ್ ಓಡಿಸುವ ಹೆಣ್ಣುಮಕ್ಕಳಿಗೆ

ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ತುಳಿಯುವ ಹುಡುಗಿಯರಿಗೆ ಬರವಿಲ್ಲ. ಇಲ್ಲಿನ ಕ್ರೀಡಾ ನಿಲಯಗಳಲ್ಲಿ, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆಯಲ್ಲಿ ಕಲಿತು ರಾಷ್ಟ್ರ ಮಟ್ಟದಲ್ಲಿ ಪದಕ ತಂದವರಿದ್ದಾರೆ. ಈಚೆಗೆ ನೌಕರಿ ಮಾಡುವ ಹೆಂಗಸರೂ ಬೆಳಿಗ್ಗೆ ಬೇಗ ಎದ್ದು ರೋಡ್ ಸೈಕಲ್, ಅಂದರೆ ಬಾಗಿದ ಹ್ಯಾಂಡಲಿನ ತೆಳು ಟೈರಿನ ಸೈಕಲ್, ಹತ್ತುತ್ತಿದ್ದಾರೆ. ಟೈರ್ ಬಗ್ಗೆ, ಗೇರ್ ಬಗ್ಗೆ, ಹೆಲ್ಮೆಟ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಸೀಟಿನ ನೋವಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಯಾಕೆ ಅಂತ ಎಲ್ಲರಿಗೂ ಗೊತ್ತು. ಕೋಚ್ ಗಂಡಸು, ಮೆಕ್ಯಾನಿಕ್ ಗಂಡಸು. ಮನೆಯಲ್ಲಿ ಹೇಳಿದರೆ ಸೈಕಲ್ಲೇ ಬೇಡ ಅನ್ನುತ್ತಾರೆ ಎಂಬ ಭಯ. ಹಾಸ್ಟೆಲಿನ ದೊಡ್ಡ ಹುಡುಗಿಯರನ್ನು ಕೇಳಿದರೆ, "ರೂಢಿ ಆಕ್ಕೈತಿ ಬಿಡವ್ವ" ಅಂತಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ರೂಢಿಯಾಗುವ ನೋವು ಒಂದಿದೆ, ಎಂದೂ ರೂಢಿಯಾಗದ, ಆಗಬಾರದ ನೋವು ಇನ್ನೊಂದಿದೆ. ಇವೆರಡನ್ನು ಬೇರೆ ಮಾಡಿ ನೋಡಲು ಬಂದರೆ ಸೀಟಿನ ಸಮಸ್ಯೆ ಅರ್ಧ ಬಗೆಹರಿದಂತೆ.

ಬೆರಳುಗಳನ್ನು ಪೃಷ್ಠದ ಕೆಳಗಿಟ್ಟು ಒಂದು ಗಟ್ಟಿ ಬೆಂಚಿನ ಮೇಲೆ ಕುಳಿತುಕೊಳ್ಳಿ. ಎರಡು ಮೂಳೆ ಚುಚ್ಚಿದಂತೆ ಸಿಗುತ್ತವೆ. ಇವು ಕೂರುವ ಮೂಳೆಗಳು. ಮೈಭಾರ ಹೊರುವುದಕ್ಕೆಂದೇ ಇರುವಂಥವು. ಇವುಗಳ ಮುಂದೆ, ಎರಡು ತೊಡೆಗಳ ನಡುವೆ, ಯೋನಿಯ ಸುತ್ತಲಿನ ಮೃದು ಭಾಗವಿದೆ. ಅಲ್ಲಿ ನರಗಳು ಜಾಸ್ತಿ, ರಕ್ತನಾಳಗಳು ಜಾಸ್ತಿ, ಚರ್ಮ ತೆಳು. ಆ ಜಾಗ ಭಾರ ಹೊರುವುದಕ್ಕೆ ಇರುವುದೇ ಅಲ್ಲ. ಹೊಸದಾಗಿ ಸೈಕಲ್ ಹಿಡಿದವರಿಗೆ ಕೂರುವ ಮೂಳೆಯ ಹತ್ತಿರ ನೋಯುವುದು ಸಹಜ. ನಾಲ್ಕಾರು ವಾರ ಬಿಟ್ಟುಬಿಟ್ಟು ಓಡಿಸಿದರೆ ಅದು ತಾನಾಗಿ ಕಡಿಮೆಯಾಗುತ್ತದೆ. ಮುಂದಿನ ಮೃದು ಭಾಗ ಜೋಮು ಹಿಡಿಯುವುದು, ಉರಿಯುವುದು, ಊದಿಕೊಳ್ಳುವುದು ಹಾಗಲ್ಲ. ಭಾರ ಬೀಳಬಾರದ ಕಡೆ ಬೀಳುತ್ತಿದೆ ಅಂತ ಮೈ ಹೇಳುತ್ತಿದೆ. ಅದನ್ನು ಸಹಿಸಿಕೊಂಡು ಗೆದ್ದವರು ಯಾರೂ ಇಲ್ಲ.

ಸೈಕಲ್ ಅಂಗಡಿಗೆ ಹೋಗಿ ಧೈರ್ಯ ಮಾಡಿ ಸೀಟು ನೋಯುತ್ತದೆ ಅಂದರೆ ಸಾಮಾನ್ಯವಾಗಿ ಸಿಗುವ ಉತ್ತರ ಇದು: "ಅಕ್ಕಾರ, ಲೇಡೀಸ್ ಸೀಟ ಹಾಕಿ ಕೊಡ್ತೇನ್ರಿ, ಮಸ್ತ್ ಮೆತ್ತಗ ಇರ್ತೈತಿ." ಅಗಲವಾದ, ಒಳಗೆ ಸ್ಪ್ರಿಂಗ್ ಇರುವ, ಮೇಲೆ ದಪ್ಪ ಸ್ಪಂಜ್ ಅಥವಾ ಜೆಲ್ ತುಂಬಿದ ಸೀಟು. ಒತ್ತಿ ನೋಡಿದರೆ ಬೆರಳು ಒಳಗಿಳಿಯುತ್ತದೆ. ಸಂತೆಗೆ, ಶಾಲೆಗೆ ನೆಟ್ಟಗೆ ಕೂತು ಹೋಗಿಬರಲು ಇದು ಒಳ್ಳೆಯದೇ. ರೋಡ್ ಸೈಕಲ್ಲಿನ ಮೇಲೆ ಎರಡು ಮೂರು ತಾಸು ಬಗ್ಗಿ ತುಳಿಯುವವರಿಗೆ ಇದೇ ನೋವು ತರುತ್ತದೆ. ಊಟಕ್ಕೆ ಹಾಕುವ ಮಣೆಯನ್ನೂ ಹತ್ತಿಯ ಗಾದಿಯನ್ನೂ ನೆನೆಸಿಕೊಳ್ಳಿ. ಮಣೆಯ ಮೇಲೆ ಕೂತರೆ ಎರಡು ಮೂಳೆ ಮಾತ್ರ ಭಾರ ಹೊರುತ್ತವೆ, ನಡುವಿನ ಜಾಗ ಹಗುರವಾಗಿರುತ್ತದೆ. ಗಾದಿಯ ಮೇಲೆ ಕೂತರೆ ಮೂಳೆ ಒಳಗಿಳಿದು ಸುತ್ತಲಿನ ಹತ್ತಿ ಮೇಲೆದ್ದು ಎಲ್ಲ ಕಡೆ ತಾಗುತ್ತದೆ. ಮೆತ್ತನೆ ಸೀಟಿನಲ್ಲೂ ಇದೇ ಆಗುತ್ತದೆ. ಮೇಲೆದ್ದ ಸ್ಪಂಜು ನೇರವಾಗಿ ಮೃದು ಭಾಗವನ್ನು ಒತ್ತುತ್ತದೆ. ಮೊದಲ ಹತ್ತು ನಿಮಿಷ ಹಾಯಾಗಿರುತ್ತದೆ, ಒಂದು ತಾಸಿನ ಹೊತ್ತಿಗೆ ಜೋಮು ಶುರು. ಅದಕ್ಕೇ ರೇಸಿನವರ ಸೀಟು ಗಟ್ಟಿಯಾಗಿ, ತೆಳ್ಳಗೆ ಇರುವುದು.

ಹಾಗಂತ ಗಟ್ಟಿಯಾಗಿದ್ದರೆ ಸಾಕು ಅಂತಲೂ ಅಲ್ಲ. ಎರಡು ಮೂಳೆಗಳು ಸೀಟಿನ ಮೇಲೆ ಸರಿಯಾಗಿ ಕೂರುವಷ್ಟು ಅಗಲ ಬೇಕು. ಸೀಟು ಸಣ್ಣದಾದರೆ ಮೂಳೆಗಳು ಅಂಚಿನಾಚೆ ಜಾರುತ್ತವೆ, ಆಗ ಇಡೀ ಭಾರ ನಡುವಿನ ಮೃದು ಭಾಗಕ್ಕೆ ಬೀಳುತ್ತದೆ. ಅಗಲ ಜಾಸ್ತಿಯಾದರೆ ತೊಡೆಯ ಒಳಭಾಗ ಪ್ರತಿ ಸುತ್ತಿಗೂ ಅಂಚಿಗೆ ಉಜ್ಜಿ ತರಚುತ್ತದೆ. ಒಟ್ಟಾರೆ ನೋಡಿದರೆ ಹೆಂಗಸರ ಕೂರುವ ಮೂಳೆಗಳ ನಡುವಿನ ಅಂತರ ಗಂಡಸರದ್ದಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಒಬ್ಬೊಬ್ಬರದು ಒಂದೊಂದು ಥರ. ಸಣಕಲು ಹುಡುಗಿಗೆ ಅಗಲದ ಸೀಟು ಬೇಕಾಗಬಹುದು, ದಪ್ಪಗಿರುವವರಿಗೆ ಸಣ್ಣದೇ ಹೊಂದಬಹುದು. ಮೈ ಗಾತ್ರಕ್ಕೂ ಮೂಳೆಯ ಅಂತರಕ್ಕೂ ಸಂಬಂಧವಿಲ್ಲ. ಆದ್ದರಿಂದ ಕಣ್ಣಂದಾಜು ನಡೆಯುವುದಿಲ್ಲ, ಅಳೆಯಲೇಬೇಕು.

ಅಳೆಯುವುದು ಮನೆಯಲ್ಲೇ ಆಗುವ ಕೆಲಸ. ಟಿವಿಯೋ ಮಿಕ್ಸರ್ರೋ ಬಂದ ಡಬ್ಬದಿಂದ, ಒಳಗೆ ಅಲೆಅಲೆಯಾಗಿ ಕಾಗದವಿರುವ ದಪ್ಪ ರಟ್ಟಿನ ಒಂದು ತುಂಡು ಕತ್ತರಿಸಿ. ಅದನ್ನು ಮೆಟ್ಟಿಲಿನ ಮೇಲೆ ಅಥವಾ ಗಟ್ಟಿ ಸ್ಟೂಲಿನ ಮೇಲಿಡಿ. ತೆಳು ಬಟ್ಟೆಯಲ್ಲಿ ಅದರ ಮೇಲೆ ಕೂತು, ಕಾಲನ್ನು ಸ್ವಲ್ಪ ಎತ್ತರದಲ್ಲಿಟ್ಟು, ಹ್ಯಾಂಡಲ್ ಹಿಡಿದವರಂತೆ ಮುಂದಕ್ಕೆ ಬಗ್ಗಿ. ಅರ್ಧ ನಿಮಿಷ ಭಾರ ಬಿಟ್ಟು ಕೂತು ಎದ್ದರೆ ರಟ್ಟಿನಲ್ಲಿ ಎರಡು ತಗ್ಗು ಬಿದ್ದಿರುತ್ತವೆ. ಸರಿಯಾಗಿ ಕಾಣದಿದ್ದರೆ ಸೀಮೆಸುಣ್ಣವನ್ನು ಅಡ್ಡ ಮಲಗಿಸಿ ಮೇಲೆ ಹಗುರವಾಗಿ ಉಜ್ಜಿ. ತಗ್ಗು ಬಿಳಿಯಾಗದೆ ಉಳಿಯುತ್ತದೆ. ಎರಡೂ ತಗ್ಗುಗಳ ನಡುಮಧ್ಯಕ್ಕೆ ಚುಕ್ಕೆ ಇಟ್ಟು, ಚುಕ್ಕೆಯಿಂದ ಚುಕ್ಕೆಗೆ ಸ್ಕೇಲ್ ಹಿಡಿಯಿರಿ. ಸಾಮಾನ್ಯವಾಗಿ 100ರಿಂದ 150 ಮಿಲಿಮೀಟರ್ ನಡುವೆ ಬರುತ್ತದೆ. ಒಂದೇ ಸಲಕ್ಕೆ ನಂಬಬೇಡಿ, ಹೊಸ ರಟ್ಟು ಹಾಕಿ ಇನ್ನೊಮ್ಮೆ ನೋಡಿ. ಈ ಸಂಖ್ಯೆಗೆ ಸುಮಾರು 20ರಿಂದ 30 ಮಿಲಿಮೀಟರ್ ಸೇರಿಸಿದರೆ ಸೀಟಿನ ಅಗಲ ಸಿಗುತ್ತದೆ. ನಿಮ್ಮದು 120 ಬಂದರೆ 143 ಇಲ್ಲವೇ 145ರ ಸೀಟಿನಿಂದ ಶುರು ಮಾಡಿ. ಒಳ್ಳೆಯ ಕಂಪನಿಗಳು ಒಂದೇ ಮಾದರಿಯನ್ನು ಎರಡು ಮೂರು ಅಗಲದಲ್ಲಿ ಮಾಡುತ್ತವೆ. ಸ್ಪೆಷಲೈಸ್ಡ್ ಕಂಪನಿಯ ಪವರ್ ಮಿಮಿಕ್ ಸೀಟು 143, 155, 168 ಅಗಲಗಳಲ್ಲಿ ಬಂದಿದೆ. ಹಳೆಯ ರೇಸಿಂಗ್ ಸೀಟುಗಳು ಬಹಳಷ್ಟು 130ರ ಆಸುಪಾಸಿನವು. ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಬಂದ ಸೈಕಲ್ಲಿನಲ್ಲಿ ಅಂಥದ್ದೇ ಸೀಟಿದ್ದರೆ ನೋವಿಗೆ ಬೇರೆ ಕಾರಣ ಹುಡುಕುವ ಮೊದಲು ಅದನ್ನೇ ಬದಲಿಸಿ ನೋಡಿ.

ಇನ್ನು ನಮ್ಮ ಬಯಲುಸೀಮೆಗೇ ಸೇರಿದ ಒಂದು ವಿಷಯ. ನೆಟ್ಟಗೆ ಕೂತಾಗ ಭಾರ ಕೂರುವ ಮೂಳೆಗಳ ಹಿಂಭಾಗದ ಮೇಲಿರುತ್ತದೆ. ಮುಂದಕ್ಕೆ ಬಗ್ಗಿದಷ್ಟೂ ಸೊಂಟದ ಮೂಳೆ ಮುಂದಕ್ಕೆ ಉರುಳುತ್ತದೆ, ಭಾರವೂ ಮುಂದಕ್ಕೆ ಸರಿಯುತ್ತದೆ. ಕೂರುವ ಮೂಳೆಗಳು ಮುಂದೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಹಾಗಾಗಿ ತುಂಬಾ ಬಗ್ಗಿ ಓಡಿಸುವವರಿಗೆ ಸ್ವಲ್ಪ ಸಣ್ಣ ಸೀಟು ಸಾಕು, ಆದರೆ ಮೃದು ಭಾಗದ ಮೇಲೆ ಒತ್ತಡ ಜಾಸ್ತಿ. ಈಗ ವಿಜಯಪುರದಿಂದ ಕೊಲ್ಹಾರದ ಕಡೆ ಹೋಗುವ ಹೆದ್ದಾರಿಯನ್ನು ನೆನೆಸಿಕೊಳ್ಳಿ. ಬಯಲು, ಎರೆಹೊಲ, ಅಡ್ಡಕ್ಕೆ ಮರವಿಲ್ಲ, ಎದುರುಗಾಳಿ. ಗಾಳಿಗೆ ತಲೆ ತಗ್ಗಿಸಿ ಹ್ಯಾಂಡಲಿನ ಕೆಳಗಿನ ಬಾಗು ಹಿಡಿದು ಒಂದೇ ಭಂಗಿಯಲ್ಲಿ ತುಳಿಯುತ್ತಾ ಹೋಗುತ್ತೇವೆ. ಏರು ಬಂದರೆ ಎದ್ದು ನಿಂತು ತುಳಿಯುತ್ತಿದ್ದೆವು, ಇಳಿಜಾರಿದ್ದರೆ ಪೃಷ್ಠ ಎತ್ತುತ್ತಿದ್ದೆವು. ಸಪಾಟು ರಸ್ತೆಯಲ್ಲಿ ಎರಡೂ ಇಲ್ಲ. ಬೆಳಗಾವಿಯಿಂದ ಜಾಂಬೋಟಿ, ಚೋರ್ಲಾ ಘಾಟಿನ ಕಡೆ ಹೋಗುವವರ ಕಾಲು ಸೋಲುತ್ತದೆ, ಆದರೆ ಏರಿಳಿತದಲ್ಲಿ ಸೀಟಿನಿಂದ ಬಿಡುವು ಸಿಗುತ್ತಿರುತ್ತದೆ. ನಮ್ಮ ಕಡೆ ಆ ಬಿಡುವನ್ನು ನಾವೇ ಮಾಡಿಕೊಳ್ಳಬೇಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಗೇರ್ ಒಂದೆರಡು ಭಾರ ಮಾಡಿಕೊಂಡು, ಎದ್ದು ನಿಂತು ಇಪ್ಪತ್ತು ಮೂವತ್ತು ಸಲ ತುಳಿಯಿರಿ. ಒತ್ತಿ ಹೋಗಿದ್ದ ರಕ್ತ ಮತ್ತೆ ಹರಿಯುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಮನೆಯೊಳಗೆ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ಹಿಡಿದಿಡುವ ಸ್ಟ್ಯಾಂಡ್) ಮೇಲೆ ಸೈಕಲ್ ಕಟ್ಟಿ ತುಳಿಯುವವರಿಗೂ ಇದೇ ಮಾತು. ಸೈಕಲ್ ಅತ್ತಿತ್ತ ವಾಲದೆ ನಿಂತಲ್ಲೇ ನಿಂತಿರುವುದರಿಂದ ಅಲ್ಲಿ ಒತ್ತಡ ಇನ್ನೂ ಜಾಸ್ತಿ.

ನಡುವೆ ಕೊರೆದಿರುವ ಸೀಟಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಮೃದು ಭಾಗದ ಕೆಳಗೆ ಏನೂ ಇರದಿದ್ದರೆ ಒತ್ತಡವೂ ಇಲ್ಲ ಎಂಬ ಸರಳ ಯೋಚನೆ ಅದು. ಅಮೆರಿಕದ ಜಾರ್ಜಿನಾ ಟೆರ್ರಿ ಎಂಬ ಎಂಜಿನಿಯರ್ 1985ರಲ್ಲಿ ಹೆಂಗಸರಿಗೆಂದೇ ಸೈಕಲ್ ಕಂಪನಿ ಶುರು ಮಾಡಿದರು. ಮುಂದೆ ಅದೇ ಕಂಪನಿಯ ತೂತಿನ ಸೀಟುಗಳು ಹೆಸರು ಮಾಡಿದವು. ಈಗ ಗಂಡಸರ ಸೀಟುಗಳಲ್ಲೂ ಈ ಕೊರೆತ ಸಾಮಾನ್ಯ. ಬಹಳ ಹೆಂಗಸರಿಗೆ ಇದರಿಂದ ನಿಜವಾಗಿ ಅನುಕೂಲವಾಗಿದೆ. ಆದರೆ ಎಲ್ಲರಿಗೂ ಅಲ್ಲ. ಯೋನಿಯ ಹೊರ ತುಟಿಗಳ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುತ್ತದೆ. ಕೆಲವರಲ್ಲಿ ಆ ಮಾಂಸ ತೂತಿನೊಳಗೆ ಇಳಿದು ಅದರ ಗಟ್ಟಿ ಅಂಚಿಗೆ ಒತ್ತಿ ಊದಿಕೊಳ್ಳುತ್ತದೆ. ಅಂಥವರಿಗೆ ಪೂರ್ತಿ ತೂತಿಗಿಂತ ನಡುವೆ ತಗ್ಗು ಮಾತ್ರ ಇರುವ ಸೀಟು ವಾಸಿ, ಇಲ್ಲವೇ ತೂತಿನ ಜಾಗದಲ್ಲಿ ತೀರಾ ಮೆದು ಸ್ಪಂಜು ತುಂಬಿದ ಸೀಟು. ಸ್ಪೆಷಲೈಸ್ಡ್‌ನವರು 2018ರಲ್ಲಿ ಮಿಮಿಕ್ ತಂದದ್ದು ಈ ತೊಂದರೆಗೇ. ಗೆಳತಿಗೆ ಹೊಂದಿದ ಸೀಟು ನಿಮಗೆ ಹೊಂದದಿದ್ದರೆ ತಪ್ಪು ನಿಮ್ಮ ಮೈಯದ್ದೂ ಅಲ್ಲ, ಸೀಟಿನದ್ದೂ ಅಲ್ಲ.

ಮೂತಿ, ಅಂದರೆ ಸೀಟಿನ ಮುಂದಿನ ಚೂಪು ಭಾಗ, ಮೋಟಾಗಿರುವ ಸೀಟುಗಳೂ ಈಗ ಬಂದಿವೆ. ಬಗ್ಗಿ ಓಡಿಸುವವರಿಗೆ ಇವು ಒಳ್ಳೆಯವು, ಮುಂದೆ ಒತ್ತುವ ಭಾಗವೇ ಕಡಿಮೆ. ಇನ್ನು 'ಲೇಡೀಸ್' ಎಂಬ ಚೀಟಿಗೆ ಜಾಸ್ತಿ ಬೆಲೆ ಕೊಡಬೇಡಿ. ಗಂಡಸರದ್ದೆಂದು ಮಾರುವ 155ರ ಸೀಟು ನಿಮ್ಮ ಅಳತೆಗೆ ಸರಿಯಾದರೆ ಧಾರಾಳವಾಗಿ ತೆಗೆದುಕೊಳ್ಳಿ.

ಹೊಸ ಸೀಟಿಗೆ ದುಡ್ಡು ಹಾಕುವ ಮೊದಲು ಒಂದು ಅಲನ್ ಕೀ (ಸೀಟಿನ ಬೋಲ್ಟ್ ತಿರುಗಿಸುವ ಆರು ಮೂಲೆಯ ಕೀ) ತೆಗೆದುಕೊಳ್ಳಿ. ನೋವಿನ ಕಾರಣ ಎಷ್ಟೋ ಸಲ ಸೀಟಿನಲ್ಲಿ ಇರುವುದಿಲ್ಲ, ಅದನ್ನು ಕೂರಿಸಿದ ರೀತಿಯಲ್ಲಿ ಇರುತ್ತದೆ. ಮೊದಲು ಎತ್ತರ. ಸೀಟು ಎತ್ತರವಾದರೆ ಪೆಡಲ್ ಕೆಳಗೆ ಹೋದಾಗೆಲ್ಲ ಸೊಂಟ ಒಂದೊಂದೇ ಕಡೆ ವಾಲುತ್ತದೆ, ತೊಡೆಸಂದಿ ಉಜ್ಜುತ್ತದೆ. ಒಂದೇ ಬದಿಗೆ ಗಾಯವಾಗುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಸಂದಿಗೆ ದಪ್ಪ ಪುಸ್ತಕ ಒತ್ತಿ ಹಿಡಿದು, ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಎಷ್ಟು ಅಂತ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. 72 ಸೆಂಟಿಮೀಟರ್ ಬಂದವರಿಗೆ ಸುಮಾರು 63.6. ಪೆಡಲ್ ತಿರುಗುವ ನಡು ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟಿರಲಿ. ಇದು ಶುರು ಮಾಡುವ ಅಳತೆ ಅಷ್ಟೇ, ಅಲ್ಲಿಂದ ಎರಡು ಮೂರು ಮಿಲಿಮೀಟರ್ ಮೇಲೆ ಕೆಳಗೆ ಮಾಡಿ ನಿಮ್ಮದನ್ನು ಕಂಡುಕೊಳ್ಳಿ.

ಆಮೇಲೆ ವಾಟ. ಸೀಟಿನ ಮೂತಿ ಮೇಲಕ್ಕೆ ನೋಡುತ್ತಿದ್ದರೆ ಅದು ನೇರವಾಗಿ ಮೃದು ಭಾಗಕ್ಕೆ ತಾಗುತ್ತದೆ. ಸೀಟಿನ ಮೇಲೆ ಉದ್ದಕ್ಕೆ ಒಂದು ನೋಟ್‌ಬುಕ್ ಇಟ್ಟು, ಅದರ ಮೇಲೆ ಮೊಬೈಲಿನ ಲೆವೆಲ್ ಆ್ಯಪ್ ಹಿಡಿದು ನೋಡಿ. ಸಮ ಇರಲಿ, ಇಲ್ಲವೇ ಮೂತಿ ಒಂದರಿಂದ ಮೂರು ಡಿಗ್ರಿ ಕೆಳಗಿರಲಿ. ತೀರಾ ಇಳಿಸಿದರೆ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈಗೆ ಬಂದು ಬೆರಳು ಜೋಮು ಹಿಡಿಯುತ್ತವೆ. ಈ ವಾಟದ ವಿಷಯ ವಿಶ್ವ ಮಟ್ಟದಲ್ಲೂ ದೊಡ್ಡ ಮಾತಾಗಿತ್ತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ರೇಸುಗಳಲ್ಲಿ ಸೀಟು ಹೆಚ್ಚುಕಡಿಮೆ ಸಮವಾಗಿಯೇ ಇರಬೇಕು ಎಂದು ಕಟ್ಟುನಿಟ್ಟು ಮಾಡಿತ್ತು. 2016ರ ರಿಯೊ ಒಲಿಂಪಿಕ್ಸಿಗೆ ಮುಂಚೆ ಬ್ರಿಟನ್ ತಂಡದ ವೈದ್ಯಕೀಯ ಸಿಬ್ಬಂದಿ ತಮ್ಮ ಹೆಣ್ಣುಮಕ್ಕಳ ಸೀಟಿನ ಗಾಯಗಳನ್ನು ಗಂಭೀರವಾಗಿ ತೆಗೆದುಕೊಂಡು, ಈ ನಿಯಮ ಬದಲಾಗಬೇಕು ಎಂದು ವಾದಿಸಿದರು. ಈಗ 9 ಡಿಗ್ರಿವರೆಗೆ ಇಳಿಸಲು ಅವಕಾಶವಿದೆ. ಒಲಿಂಪಿಕ್ ಪದಕ ಗೆಲ್ಲುವವರೇ ತಮ್ಮ ನೋವನ್ನು ಬಾಯಿಬಿಟ್ಟು ಹೇಳಿದ್ದಾರೆ, ಕೇಳುವವರು ಕೇಳಿದ್ದಾರೆ, ನಿಯಮವೇ ಬದಲಾಗಿದೆ. ನಮ್ಮ ಹುಡುಗಿಯರು ತಮ್ಮ ಕೋಚಿಗೆ ಹೇಳಲು ಯಾಕೆ ಹಿಂಜರಿಯಬೇಕು?

ಮೂರನೆಯದು ಹ್ಯಾಂಡಲ್. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 48 ಮಹಿಳಾ ಸೈಕ್ಲಿಸ್ಟರನ್ನು 22 ಓಟಗಾರ್ತಿಯರ ಜೊತೆ ಹೋಲಿಸಿದ್ದರು. ಸೈಕಲ್ ತುಳಿಯುವವರಲ್ಲಿ ಜನನಾಂಗದ ಸ್ಪರ್ಶಜ್ಞಾನ ಕಡಿಮೆಯಿತ್ತು. 2012ರ ಮತ್ತೊಂದು ಲೇಖನದಲ್ಲಿ, ಹ್ಯಾಂಡಲ್ ಸೀಟಿಗಿಂತ ಕೆಳಗಿದ್ದರೆ ಮೃದು ಭಾಗದ ಮೇಲಿನ ಒತ್ತಡ ಜಾಸ್ತಿ, ಸ್ಪರ್ಶಜ್ಞಾನವೂ ಕಡಿಮೆ ಎಂದು ಕಂಡುಬಂತು. ಕುಳ್ಳಗಿರುವ ಹುಡುಗಿಗೆ ದೊಡ್ಡ ಫ್ರೇಮಿನ ಸೈಕಲ್ ಕೊಟ್ಟರೆ ಆಗುವುದು ಇದೇ. ಹ್ಯಾಂಡಲ್ ದೂರ, ಹ್ಯಾಂಡಲ್ ಕೆಳಗೆ. ಕೈ ಮುಟ್ಟಿಸಲು ಆಕೆ ಮುಂದಕ್ಕೆ ಜಾರಿ ಸೀಟಿನ ಮೂತಿಯ ಮೇಲೇ ಕೂರುತ್ತಾಳೆ. ಅವಳಿಗೆ ಎಂಥ ಸೀಟು ಹಾಕಿದರೂ ಪ್ರಯೋಜನವಿಲ್ಲ, ಮೂಳೆಗಳು ಸೀಟಿನ ಅಗಲ ಭಾಗಕ್ಕೆ ಬರುವುದೇ ಇಲ್ಲ. ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ ಗಿಡ್ಡದ್ದು ಹಾಕಿಸಿ. ಸ್ಟೆಮ್ ಕೆಳಗೆ ಸ್ಪೇಸರ್ ಬಳೆ ಸೇರಿಸಲು ಜಾಗವಿದ್ದರೆ ಹ್ಯಾಂಡಲ್ ಎತ್ತರಿಸಿ. ಇದು ಹೊಸ ಸೀಟಿಗಿಂತ ಕಡಿಮೆ ಖರ್ಚಿನ ಕೆಲಸ. ಯಾವುದನ್ನು ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಇಲ್ಲವಾದರೆ ಯಾವುದರಿಂದ ಗುಣವಾಯಿತು ಅಂತ ತಿಳಿಯುವುದಿಲ್ಲ.

ಟೈರಿನ ಗಾಳಿಯೂ ಸೀಟಿಗೆ ಸಂಬಂಧಿಸಿದ್ದೇ. ಪಂಕ್ಚರ್ ಅಂಗಡಿಯಲ್ಲಿ ರೋಡ್ ಸೈಕಲ್ ಅಂದ ಕೂಡಲೇ ಕಲ್ಲಿನಂತೆ ಆಗುವವರೆಗೆ ಗಾಳಿ ತುಂಬುತ್ತಾರೆ. 55 ಕಿಲೋ ಆಸುಪಾಸಿನವರಿಗೆ 25 ಮಿಲಿಮೀಟರ್ ಟೈರಿಗೆ 70ರಿಂದ 80 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಸಾಕು. ಫ್ರೇಮಿನಲ್ಲಿ ಜಾಗವಿದ್ದರೆ 28ರ ಟೈರ್ ಹಾಕಿ ಇನ್ನೂ ಇಳಿಸಬಹುದು. ರಸ್ತೆಯ ಹೊಡೆತ ಮೈಗೆ ಬರುವ ಮೊದಲೇ ಟೈರಿನಲ್ಲಿ ಸಾಯುತ್ತದೆ.

ಬಟ್ಟೆಯ ಮಾತು. ಪ್ಯಾಡ್ ಇರುವ ಸೈಕ್ಲಿಂಗ್ ಶಾರ್ಟ್ಸ್ ಒಳಗೆ ಒಳಉಡುಪು ಹಾಕಬಾರದು. ಇದನ್ನು ಹೇಳಿದರೆ ಬಹಳ ಜನ ಅಚ್ಚರಿಪಡುತ್ತಾರೆ. ಪ್ಯಾಡನ್ನು ಮೈಗೆ ನೇರ ತಾಗಲೆಂದೇ ಹೊಲಿಗೆಯಿಲ್ಲದೆ ಮಾಡಿರುತ್ತಾರೆ. ನಡುವೆ ಚಡ್ಡಿ ಬಂದರೆ ಅದರ ಹೊಲಿಗೆ ಚರ್ಮವನ್ನು ಕೊರೆಯುತ್ತದೆ, ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ. ಬಿಗಿ ಶಾರ್ಟ್ಸಿನಲ್ಲಿ ಓಣಿಯಲ್ಲಿ ಹಾದುಹೋಗಲು ಮುಜುಗರ ಅನ್ನುವವರು ಅದರ ಮೇಲೆ ತೆಳುವಾದ ಸಡಿಲ ಟ್ರ್ಯಾಕ್ ಪ್ಯಾಂಟ್ ಹಾಕಿಕೊಳ್ಳಿ. ತೊಡೆಸಂದಿಯಲ್ಲಿ ದಪ್ಪ ಹೊಲಿಗೆಯಿರುವ ಪ್ಯಾಂಟ್ ಮಾತ್ರ ಬೇಡ. ನಮ್ಮ ಬೇಸಿಗೆಯಲ್ಲಿ ಬೆವರು ಎಷ್ಟು ಅಂತ ಹೇಳಬೇಕಿಲ್ಲ. ಮನೆಗೆ ಬಂದ ಕೂಡಲೇ ಶಾರ್ಟ್ಸ್ ಬಿಚ್ಚಿ, ಸ್ನಾನ ಮಾಡಿ. ಅದರಲ್ಲೇ ಕೂತು ಚಹಾ ಕುಡಿಯುತ್ತಾ ಮಾತಾಡಬೇಡಿ. ಶಾರ್ಟ್ಸ್ ಪ್ರತಿ ಸಲ ಒಗೆದು, ಒಳಗಿನದು ಹೊರಗೆ ಮಾಡಿ ಬಿಸಿಲಿಗೆ ಹಾಕಿ.

ಯೋನಿಯ ಸುತ್ತಲಿನ ಕೂದಲನ್ನು ಪೂರ್ತಿ ಬೋಳಿಸುವುದು, ವ್ಯಾಕ್ಸ್ ಮಾಡುವುದು ಸೈಕಲ್ ಓಡಿಸುವವರಿಗೆ ಒಳ್ಳೆಯದಲ್ಲ. ಬ್ರಿಟನ್ ತಂಡದ ಹೆಣ್ಣುಮಕ್ಕಳಿಗೂ ರಿಯೊಕ್ಕೆ ಮುಂಚೆ ಇದನ್ನೇ ನಿಲ್ಲಿಸಲು ಹೇಳಿದ್ದರು. ಕೂದಲು ಚರ್ಮಕ್ಕೆ ರಕ್ಷಣೆ. ಬೋಳಿಸಿದಾಗ ಕೂದಲಿನ ಬುಡದಲ್ಲಿ ಸೋಂಕಾಗಿ ಗುಳ್ಳೆ ಏಳುತ್ತವೆ. ಬೇಕಿದ್ದರೆ ಕತ್ತರಿಯಿಂದ ಸ್ವಲ್ಪ ಮೋಟು ಮಾಡಿಕೊಳ್ಳಿ. ಮುಟ್ಟಿನ ದಿನಗಳಲ್ಲಿ ಸ್ಯಾನಿಟರಿ ಪ್ಯಾಡ್ ಮುದುಡಿ ಅದರ ಅಂಚೇ ಉಜ್ಜುತ್ತದೆ. ಬಳಸಲು ಒಗ್ಗಿದವರಿಗೆ ಮುಟ್ಟಿನ ಕಪ್ ಬಹಳ ಅನುಕೂಲ. ಒಗ್ಗದಿದ್ದರೆ ಆ ಎರಡು ದಿನ ದೂರದ ಸವಾರಿ ಬಿಟ್ಟರೆ ನಷ್ಟವೇನಿಲ್ಲ. ಮುಟ್ಟು ನಿಲ್ಲುವ ವಯಸ್ಸಿನವರಲ್ಲಿ ಅಲ್ಲಿನ ಚರ್ಮ ಒಣಗಿ ತೆಳ್ಳಗಾಗುತ್ತದೆ. ಮೊದಲು ಹೊಂದುತ್ತಿದ್ದ ಸೀಟೇ ಈಗ ಚುಚ್ಚುತ್ತಿದ್ದರೆ ಇದೂ ಕಾರಣವಿರಬಹುದು, ಸ್ತ್ರೀರೋಗ ವೈದ್ಯರ ಹತ್ತಿರ ಇದಕ್ಕೆ ಔಷಧಿ ಇದೆ.

ಸೈಕಲ್ ಇಳಿದ ಮೇಲೂ ಜೋಮು ಬಿಡದಿದ್ದರೆ, ಯೋನಿಯ ಒಂದು ಕಡೆಯ ತುಟಿ ಊದಿ ಹಾಗೇ ಉಳಿದರೆ, ಮೂತ್ರ ಮಾಡುವಾಗ ಉರಿದರೆ, ಗಂಟು ಕೈಗೆ ಸಿಕ್ಕರೆ ಅಥವಾ ಗುಳ್ಳೆಯಲ್ಲಿ ಕೀವಾದರೆ ಸೈಕಲ್ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಬ್ರಿಟನ್ನಿನ ಪ್ಯಾರಾ ಸೈಕ್ಲಿಸ್ಟ್ ಹ್ಯಾನಾ ಡೈನ್ಸ್ ಇಂಥ ಊತವನ್ನು ವರ್ಷಗಟ್ಟಲೆ ತಡೆದುಕೊಂಡು, ಕೊನೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. 2019ರಲ್ಲಿ ಅವರು ಅದನ್ನು ಹೆಸರು ಹಾಕಿ ಬಹಿರಂಗವಾಗಿ ಬರೆದರು. ಆ ಬರಹಕ್ಕೆ ನಾನು ಋಣಿ. ವೈದ್ಯರ ಹತ್ತಿರ ಹೋದಾಗ ಸೈಕಲ್ ಓಡಿಸುತ್ತೇನೆ, ದಿನಕ್ಕೆ ಇಷ್ಟು ಹೊತ್ತು ಅಂತ ಸ್ಪಷ್ಟವಾಗಿ ಹೇಳಿ. ಹೇಳದಿದ್ದರೆ ಅವರಿಗೆ ಅದು ಹೊಳೆಯದೇ ಹೋಗಬಹುದು.

ಕೊನೆಗೆ ಕೊಳ್ಳುವ ಮಾತು. ನಮ್ಮ ಊರುಗಳಲ್ಲಿ ಹತ್ತು ಥರದ ಸೀಟು ಇಟ್ಟು ಕೂತು ನೋಡಿ ಅನ್ನುವ ಅಂಗಡಿ ಸಿಗುವುದು ಕಷ್ಟ. ಆದ್ದರಿಂದ ಜೊತೆಯವರ ಸೀಟುಗಳನ್ನು ಅದಲು ಬದಲು ಮಾಡಿ ನೋಡಿ. ಹೆಚ್ಚಿನ ಸೀಟುಗಳ ಕೆಳಗಿನ ಕಂಬಿ 7 ಮಿಲಿಮೀಟರ್ ದಪ್ಪದ್ದೇ, ಯಾವ ಸೈಕಲ್ಲಿಗಾದರೂ ಕೂರುತ್ತದೆ. ಕಾರ್ಬನ್ ಕಂಬಿಯದ್ದು ಮಾತ್ರ ಬೇರೆ, ಅದನ್ನು ಹಿಡಿಯುವ ಕ್ಲ್ಯಾಂಪ್ ನೋಡಿಕೊಳ್ಳಿ. ಕೋಣೆಯಲ್ಲಿ ಐದು ಹುಡುಗಿಯರಿದ್ದರೆ ಐದು ಸೀಟು ಸಿಕ್ಕವು. ಆನ್‌ಲೈನಿನಲ್ಲಿ ತರಿಸುವುದಾದರೆ ವಾಪಸ್ ತೆಗೆದುಕೊಳ್ಳುತ್ತಾರೋ ಇಲ್ಲವೋ ಮೊದಲೇ ಓದಿ. ಹಳೆಯ ಸೀಟು ಬಿಚ್ಚುವ ಮೊದಲು ಅದರ ಎತ್ತರ, ವಾಟ, ಹ್ಯಾಂಡಲಿನಿಂದ ಎಷ್ಟು ದೂರ ಅಂತ ಅಳೆದು ಬರೆದಿಟ್ಟುಕೊಳ್ಳಿ, ಸೀಟು ಹೊತ್ತ ಕಂಬಕ್ಕೆ (ಸೀಟ್ ಪೋಸ್ಟ್) ಟೇಪ್ ಸುತ್ತಿ ಗುರುತು ಮಾಡಿ. ಒಂದೊಂದು ಸೀಟಿನ ದಪ್ಪ ಒಂದೊಂದು ಥರ, ಪೋಸ್ಟ್ ಮುಟ್ಟದೆ ಸೀಟು ಬದಲಿಸಿದರೂ ಎತ್ತರ ಒಂದು ಸೆಂಟಿಮೀಟರ್ ವ್ಯತ್ಯಾಸವಾಗಬಹುದು. ಆ ವ್ಯತ್ಯಾಸ ಸರಿ ಮಾಡದೆ ಓಡಿಸಿ, ಸೀಟು ಸರಿಯಿಲ್ಲ ಅಂತ ತೆಗೆದುಹಾಕಬೇಡಿ. ಎತ್ತರ ಸರಿಪಡಿಸಿದ ಮೇಲೆ ಹೊಸ ಸೀಟಿನಲ್ಲಿ ಮೊದಲು ಅರ್ಧ ತಾಸು, ಆಮೇಲೆ ಒಂದು ತಾಸು ಓಡಿಸಿ. ಕೂರುವ ಮೂಳೆ ಮಾತ್ರ ನೋಯುತ್ತಿದ್ದರೆ ಎರಡು ಮೂರು ವಾರ ಕಾಯಿರಿ. ಮುಂದೆ ಜೋಮು ಹಿಡಿದರೆ ಮೂತಿ ಒಂದು ಡಿಗ್ರಿ ಇಳಿಸಿ ನೋಡಿ. ಆಗಲೂ ಹೋಗದಿದ್ದರೆ ಆ ಸೀಟು ನಿಮ್ಮದಲ್ಲ, ಮುಂದಿನದನ್ನು ಹಾಕಿ.